ಕೂಲಂಟ್‌ನಲ್ಲಿ ಎಣ್ಣೆ: ಹೆಡ್ ಇಳಿಸುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನನ್ನದು ನಾಲ್ಕು ಸಿಲಿಂಡರಿನ ಡೀಸೆಲ್ ಗೂಡ್ಸ್ ಗಾಡಿ. ಯಶವಂತಪುರದ ಮಾರುಕಟ್ಟೆಯಿಂದ ಈರುಳ್ಳಿ, ಆಲೂಗಡ್ಡೆ ಸಾಗಿಸುತ್ತೇನೆ. ಬೇರಿಂಗ್ ಹೋಗಿ ಸದ್ದು ಬರತೊಡಗಿದ್ದರಿಂದ ಎರಡು ತಿಂಗಳ ಹಿಂದೆ ಇಂಜಿನ್ ಪೂರ್ತಿ ಬಿಚ್ಚಿಸಿ, ಹೊಸ ಲೈನರ್ (ಪಿಸ್ಟನ್ ಓಡಾಡುವ ಕೊಳವೆ), ಪಿಸ್ಟನ್, ಬೇರಿಂಗ್ ಹಾಕಿಸಿ, ಹೆಡ್ ಫೇಸಿಂಗ್ ಮಾಡಿಸಿದೆ. ಎಣ್ಣೆಯನ್ನು ಕೂಲಂಟ್‌ನಿಂದ ತಣಿಸುವ ಆಯಿಲ್ ಕೂಲರ್ ಮಾತ್ರ ಹಳೆಯದನ್ನೇ ತೊಳೆದು ಕೂರಿಸಿದ್ದಾರೆ. ಈಗ ಇಂಜಿನ್ ತಣಿಸುವ ನೀರಿನ, ಅಂದರೆ ಕೂಲಂಟ್‌ನ ಡಬ್ಬಿಯ ಮುಚ್ಚಳ ತೆಗೆದರೆ ರಾಗಿ ಅಂಬಲಿಯಂತಹ ಕಂದು ಜಿಡ್ಡು ತೇಲುತ್ತಿದೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಸ್ವಚ್ಛವಾಗಿಯೇ ಇದೆ, ಆದರೆ ಮಟ್ಟ ನಿಧಾನವಾಗಿ ಇಳಿಯುತ್ತಿದೆ. ಹೊಗೆಯಿಲ್ಲ, ಕೆಳಗೆ ಸೋರಿಕೆಯೂ ಇಲ್ಲ. ಹೆಡ್ ಮತ್ತು ಬ್ಲಾಕ್ ನಡುವಿನ ಗ್ಯಾಸ್ಕೆಟ್ ಹೋಗಿದೆ, ಮತ್ತೆ ಹೆಡ್ ಇಳಿಸಬೇಕು ಎನ್ನುತ್ತಾರೆ ಮೆಕ್ಯಾನಿಕ್. ಒಪ್ಪಬಹುದೇ?
— ಓದುಗರು, ಯಶವಂತಪುರ

ಉತ್ತರ: ಈಗಲೇ ಒಪ್ಪಬೇಡಿ. ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯನ್ನು ನಾನು ತಳ್ಳಿಹಾಕುತ್ತಿಲ್ಲ. ಆದರೆ ನೀವು ಬರೆದಿರುವ ಲಕ್ಷಣಗಳು ಮೊದಲು ಬೆರಳು ಮಾಡುವುದು ಆ ಹಳೆಯ ಆಯಿಲ್ ಕೂಲರಿನ ಕಡೆಗೆ, ಮತ್ತು ಅದನ್ನು ಪರೀಕ್ಷಿಸಲು ಹೆಡ್ಡನ್ನು ಮುಟ್ಟುವ ಅಗತ್ಯವೇ ಇಲ್ಲ.

ಇಂಜಿನ್ ಓಡುವಾಗ ಎಣ್ಣೆಯ ಒತ್ತಡ ಸಾಮಾನ್ಯವಾಗಿ 3ರಿಂದ 5 ಬಾರ್ ಇರುತ್ತದೆ. ಕೂಲಂಟ್‌ನ ಒತ್ತಡ ಹೆಚ್ಚೆಂದರೆ 1 ಬಾರ್ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಇವೆರಡರ ನಡುವೆ ಎಲ್ಲಿ ದಾರಿಯಾದರೂ ಓಡುವ ಇಂಜಿನ್‌ನಲ್ಲಿ ಎಣ್ಣೆಯೇ ನೀರಿನ ಕಡೆಗೆ ನುಗ್ಗುತ್ತದೆ. ಹೀಗೆ ನುಗ್ಗಬೇಕಾದರೆ ಆ ಜಾಗದಲ್ಲಿ ಎಣ್ಣೆ ಒತ್ತಡದಲ್ಲಿರಲೇಬೇಕು. ಅಂತಹ ಜಾಗಗಳು ಕೆಲವೇ: ಆಯಿಲ್ ಕೂಲರ್, ಬ್ಲಾಕಿನಿಂದ ಗ್ಯಾಸ್ಕೆಟ್ ಮೂಲಕ ಹೆಡ್ಡಿಗೆ ಎಣ್ಣೆ ಏರುವ ರಂಧ್ರ, ಇಲ್ಲವೇ ಹೆಡ್ ಅಥವಾ ಬ್ಲಾಕಿನೊಳಗೆ ಎಣ್ಣೆಯ ದಾರಿ ಮತ್ತು ವಾಟರ್ ಜಾಕೆಟ್ (ಒಳಗೆ ನೀರು ಹರಿಯುವ ಜಾಗ) ನಡುವಿನ ಬಿರುಕು. ಲೈನರಿನ ಕೆಳಗಿನ ರಬ್ಬರ್ ರಿಂಗ್ ಕೆಟ್ಟರೆ ನೀರು ಚೇಂಬರಿಗೆ (ಇಂಜಿನ್ ತಳದ ಎಣ್ಣೆಯ ತೊಟ್ಟಿಗೆ) ಇಳಿಯುತ್ತದೆಯೇ ಹೊರತು ಒತ್ತಡವಿಲ್ಲದ ಚೇಂಬರಿನ ಎಣ್ಣೆ ಮೇಲೇರಿ ನೀರಿಗೆ ಸೇರುವುದಿಲ್ಲ. ಹಾಗಾಗಿ ಹೊಸ ಲೈನರುಗಳ ಮೇಲೆ ಸಂಶಯ ಪಡುವುದನ್ನು ಬಿಡಬಹುದು.

ಇಂಜಿನ್ ನಿಲ್ಲಿಸಿದ ಮೇಲೆ ಈ ಲೆಕ್ಕ ತಿರುಗುತ್ತದೆ. ಎಣ್ಣೆಯ ಒತ್ತಡ ಆಗಲೇ ಬಿದ್ದುಹೋಗುತ್ತದೆ, ಕೂಲಂಟ್‌ನ ಒತ್ತಡ ಮಾತ್ರ ಇಂಜಿನ್ ತಣ್ಣಗಾಗುವವರೆಗೆ ಉಳಿದಿರುತ್ತದೆ, ದಾರಿ ದೊಡ್ಡದಾಗಿದ್ದರೆ ಆ ಹೊತ್ತಿನಲ್ಲಿ ನೀರು ಎಣ್ಣೆಗೆ ಸೇರುತ್ತದೆ. ಡಿಪ್‌ಸ್ಟಿಕ್ ಸ್ವಚ್ಛವಾಗಿದೆ ಎಂದು ನೆಮ್ಮದಿಯಾಗಿರದೆ, ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಚೇಂಬರಿನ ಡ್ರೈನ್ ಬೋಲ್ಟನ್ನು ಪೂರ್ತಿ ಬಿಚ್ಚದೆ ನಿಧಾನವಾಗಿ ಸಡಿಲಿಸಿ, ಮೊದಲ ಹನಿಗಳನ್ನು ಬಿಳಿ ತಟ್ಟೆಯಲ್ಲಿ ಹಿಡಿಯಿರಿ. ಕೂಲಂಟ್ ಎಣ್ಣೆಗಿಂತ ಭಾರವಾದ್ದರಿಂದ ತಳದಲ್ಲಿ ಕೂತಿರುತ್ತದೆ ಮತ್ತು ಮೊದಲು ಬರುವುದು ಅದೇ. ಒಂದು ಹನಿ ನೀರು ಕಂಡರೂ ಅಂದಿನಿಂದಲೇ ಗಾಡಿ ಓಡಿಸುವುದನ್ನು ನಿಲ್ಲಿಸಿ. ಹೊಸ ಬೇರಿಂಗುಗಳು ಅದನ್ನು ತಾಳುವುದಿಲ್ಲ.

ಮುಂದಿನದು ಕೂಲರ್. ಅದನ್ನು ಬಿಚ್ಚಿ, ಎಣ್ಣೆಯ ಒಂದು ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಇನ್ನೊಂದು ಬಾಯಿಗೆ 4ರಿಂದ 5 ಬಾರ್ ಗಾಳಿ ಕೊಟ್ಟು ಬಿಸಿನೀರಿನ ಟಬ್ಬಿನಲ್ಲಿ ಮುಳುಗಿಸಬೇಕು. ಗಾಳಿಯನ್ನು ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಪಡೆಯಬಹುದು, ಆದರೆ ನಡುವೆ ರೆಗ್ಯುಲೇಟರ್ ಇರಲೇಬೇಕು. ಮುಳುಗಿಸಿದ ಕೂಡಲೇ ರೆಕ್ಕೆಗಳ ಸಂದಿನಲ್ಲಿ ಸಿಕ್ಕಿಕೊಂಡ ಗಾಳಿ ಗುಳ್ಳೆಗಳಾಗಿ ಏಳುತ್ತದೆ, ಅದು ಸೋರಿಕೆಯಲ್ಲ. ಅಲುಗಾಡಿಸಿ ಆ ಗುಳ್ಳೆಗಳನ್ನು ಹೋಗಲಾಡಿಸಿದ ಮೇಲೂ ಒಂದೇ ಜಾಗದಿಂದ ಎಳೆಯಂತೆ ಸಣ್ಣ ಗುಳ್ಳೆಗಳು ಬರುತ್ತಲೇ ಇದ್ದರೆ ನಿಮ್ಮ ಕಳ್ಳ ಸಿಕ್ಕಿದಂತೆಯೇ. ತಣ್ಣೀರಿನಲ್ಲಿ ಮುಚ್ಚಿಕೊಂಡಿರುವ ಕೂದಲೆಳೆಯ ಬಿರುಕು ಬಿಸಿಯಲ್ಲಿ ಬಾಯಿಬಿಡುವುದರಿಂದ ಬಿಸಿನೀರೇ ಬೇಕು. ಕೂಲರ್ ಸರಿಯಿದ್ದು ಅದರ ಓ-ರಿಂಗ್ ಗಟ್ಟಿಯಾಗಿರುವುದೂ ಮಡಚಿ ಕೂತಿರುವುದೂ ಉಂಟು, ಅವನ್ನೂ ನೋಡಿ.

ಇಷ್ಟು ದಿನ ಇಲ್ಲದ್ದು ಇಂಜಿನ್ ಕೆಲಸವಾದ ಮೇಲೆ ಏಕೆ ಬಂತು ಎಂದು ನಿಮಗೆ ಅನ್ನಿಸಬಹುದು. ಸವೆದ ಬೇರಿಂಗುಗಳಿದ್ದಾಗ ಎಣ್ಣೆಯ ಒತ್ತಡ ಕಡಿಮೆಯಿತ್ತು, ಈಗ ಬಿಗಿಯಾದ ಹೊಸ ಬೇರಿಂಗುಗಳಿಂದ ಒತ್ತಡ ಏರಿದೆ. ಅಂದು ತಾಳಿಕೊಂಡಿದ್ದ ದುರ್ಬಲ ಕೂಲರ್ ಇಂದು ತಾಳದಿರಬಹುದು. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಬೇರಿಂಗ್ ಹೋದ ಇಂಜಿನ್‌ನ ಲೋಹದ ಪುಡಿ ಕೂಲರಿನೊಳಗೆ ಕೂತಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಯಿತೆಂಬ ಭರವಸೆಯಿಲ್ಲ. ಪರೀಕ್ಷೆಯಲ್ಲಿ ಪಾಸಾದರೂ ನಾನಾದರೆ ಹೊಸ ಕೂಲರನ್ನೇ ಹಾಕಿಸುತ್ತೇನೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸುವಾಗ ಇಂಜಿನ್ ನಂಬರ್ ಜೊತೆಯಲ್ಲಿರಲಿ.

ಕೂಲರಿನ ತಪ್ಪಲ್ಲ ಎಂದು ಖಚಿತವಾದ ಮೇಲೆ ಮಾತ್ರ ಹೆಡ್ ಇಳಿಸಲಿ, ಮತ್ತು ಇಳಿಸುವಾಗ ನೀವು ಎದುರಿಗೇ ಇರಿ. ಹಳೆಯ ಗ್ಯಾಸ್ಕೆಟ್ಟಿನಲ್ಲಿ ಎಣ್ಣೆಯ ರಂಧ್ರದಿಂದ ನೀರಿನ ರಂಧ್ರದತ್ತ ಹರಿದ ಕಪ್ಪು ಜಾಡು ಇದೆಯೇ ನೋಡಿ. ಜಾಡು ಇಲ್ಲದಿದ್ದರೆ ಗ್ಯಾಸ್ಕೆಟ್ ಬದಲಿಸಿದ ಮಾತ್ರಕ್ಕೆ ಕಾಯಿಲೆ ಹೋಗದು. ಫೇಸಿಂಗ್ ಹೆಡ್ಡನ್ನು ಸಮತಟ್ಟು ಮಾಡುತ್ತದೆ, ಒಳಗಿನ ಬಿರುಕನ್ನು ತೋರಿಸುವುದಿಲ್ಲ. ಅದಕ್ಕೆ ಮೆಷಿನ್ ಶಾಪಿನಲ್ಲಿ ಬಿಸಿನೀರಿನಲ್ಲಿಟ್ಟು ಒತ್ತಡದ ಪರೀಕ್ಷೆಯನ್ನೇ ಮಾಡಿಸಬೇಕು. ಬ್ಲಾಕಿನ ಬೋಲ್ಟ್ ರಂಧ್ರಗಳಲ್ಲಿ ಎಣ್ಣೆ, ನೀರು ನಿಂತಿದ್ದರೆ ಟಾರ್ಕ್ ರೆಂಚ್ ಸರಿಯಾದ ಅಳತೆ ತೋರಿಸಿದರೂ ಹೆಡ್ ಬಿಗಿಯಾಗಿರುವುದಿಲ್ಲ, ಬ್ಲಾಕ್ ಸೀಳುವ ಅಪಾಯವೂ ಇದೆ.

ದೋಷ ಸರಿಪಡಿಸಿದ ಮೇಲೂ ರೇಡಿಯೇಟರ್, ಹೀಟರ್, ಹೋಸುಗಳಲ್ಲಿ ಅಂಟಿದ ಎಣ್ಣೆ ಕೆಲವು ವಾರ ಮೇಲೆ ತೇಲಿಬರಬಹುದು. ಹಾಗಾಗಿ ಥರ್ಮೋಸ್ಟಾಟ್ ತೆಗೆದು, ನೊರೆ ಕಡಿಮೆಯಿರುವ ಕ್ಲೀನರ್ ಹಾಕಿ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯಿಸಿ. ಬಟ್ಟೆಯ ಸೋಪಿನ ಪುಡಿ ಬೇಡ. ಕೊನೆಗೆ ತುಂಬುವಾಗ ಬೋರ್‌ವೆಲ್ ನೀರಿನ ಬದಲು ಡಿಸ್ಟಿಲ್ಡ್ ನೀರು ಅರ್ಧ, ಕೂಲಂಟ್ ಅರ್ಧ ಬೆರೆಸಿ. ಎಣ್ಣೆಯಲ್ಲಿ ಉಬ್ಬಿದ ಹೋಸುಗಳನ್ನೂ ಮುಚ್ಚಳವನ್ನೂ ಬದಲಿಸಿ. 900 ಮೀಟರಿಗೂ ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಹಿಡಿಯದ ಮುಚ್ಚಳವಿದ್ದರೆ ಟ್ರಾಫಿಕ್‌ನಲ್ಲಿ ನಿಂತ ಗಾಡಿ ಬೇಗ ಕುದಿಬರುತ್ತದೆ. ಸೋರಿಕೆ ನಿಲ್ಲಿಸುವ ಪುಡಿಯನ್ನು ಯಾರು ಹೇಳಿದರೂ ಹಾಕಬೇಡಿ, ಅದು ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಕಟ್ಟಿಹಾಕುತ್ತದೆ.

ಪ್ರಶ್ನೆ: ಚಳಿಗಾಲದಲ್ಲಿ ನನ್ನ ಡೀಸೆಲ್ ಕಾರಿನ ಎಣ್ಣೆ ತುಂಬುವ ಮುಚ್ಚಳದ ಒಳಗೆ ಬಿಳಿ ಕೆನೆ ಕಟ್ಟುತ್ತದೆ. ಇದೂ ಗ್ಯಾಸ್ಕೆಟ್ಟಿನ ದೋಷವೇ?
— ಓದುಗರು, ಹೆಬ್ಬಾಳ

ಉತ್ತರ: ಕೂಲಂಟ್ ಕಡಿಮೆಯಾಗದೆ, ಡಿಪ್‌ಸ್ಟಿಕ್ ಸ್ವಚ್ಛವಾಗಿದ್ದರೆ ಅಲ್ಲ. ಇಂಜಿನ್ ಪೂರ್ತಿ ಬಿಸಿಯಾಗದ ಸಣ್ಣ ಓಡಾಟಗಳಲ್ಲಿ ಒಳಗಿನ ತೇವ ತಣ್ಣನೆಯ ಮುಚ್ಚಳಕ್ಕೆ ಹತ್ತಿ ಹೀಗಾಗುತ್ತದೆ. ಒರೆಸಿ, ಒಮ್ಮೆ ದೇವನಹಳ್ಳಿಯವರೆಗೆ ಓಡಿಸಿ ಬನ್ನಿ. ಮತ್ತೆ ಕಟ್ಟಿದರೆ, ಜೊತೆಗೆ ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ, ಆಗ ಗ್ಯಾರೇಜಿನಲ್ಲಿ ಕೂಲಂಟ್ ವ್ಯವಸ್ಥೆಯ ಒತ್ತಡ ಪರೀಕ್ಷೆ ಮಾಡಿಸಿ.