ಉತ್ತರ: ಮಾಡೆಲ್‌ನ ಮೌಂಟ್ ಬೋರ್ಡ್ ಗೋಡೆ ಬಾಗೋದು ಯಾಕೆ?

ಆರ್ಕಿಟೆಕ್ಚರ್ ಕ್ಲಾಸಿನ ಕಟ್ಟಡದ ಮಾಡೆಲ್‌ಗೆ ಮೌಂಟ್ ಬೋರ್ಡಿನಲ್ಲಿ (ದಪ್ಪ ರಟ್ಟು) ರಾತ್ರಿ ಅಂಟಿಸಿದ ಗೋಡೆಗಳು ಜ್ಯೂರಿ (ಕೆಲಸ ನೋಡಿ ವಿಮರ್ಶೆ ಮಾಡೋದು) ಹೊತ್ತಿಗೆ ಬಾಗಿರುತ್ತೆ, ಮೂಲೆನೂ ಕೂಡಲ್ಲ ಅಂದಿದ್ದೀರಿ. ಬಾಗೋದು ಫೆವಿಕಾಲ್ ಜಾಸ್ತಿ ಆಗಿದ್ದರಿಂದ. ಅದರಲ್ಲಿ ನೀರಿದೆ, ಬೋರ್ಡಿನ ಒಂದೇ ಮುಖ ಅದನ್ನ ಹೀರಿಕೊಂಡು ಹಿಗ್ಗುತ್ತೆ, ಒಣಗುವಾಗ ಎಳೆಯುತ್ತೆ. ಅಂಚಿಗೆ ಮಾತ್ರ ಕಡ್ಡಿಯಲ್ಲಿ ತೆಳ್ಳಗೆ ಹಚ್ಚಿ, ಜಿಗುಟಾದ ಮೇಲೆ ಒತ್ತಿ ಹಿಡಿಯಿರಿ. ಎರಡು ಪದರ ಕೂಡಿಸೋದಾದರೆ ಡಬಲ್ ಸೈಡ್ ಟೇಪೇ ವಾಸಿ.

ಮೂಲೆಯದು ಅಳತೆಯ ತಪ್ಪು. 1:100ರಲ್ಲಿ (ನಿಜ ಅಳತೆಯ ನೂರನೇ ಒಂದು ಭಾಗ) ಹೊರಅಳತೆ 6 ಮೀಟರ್ ಅಂದರೆ 60 ಮಿ.ಮೀ. ಆದರೆ 2 ಮಿ.ಮೀ. ಬೋರ್ಡಿನ ಎರಡು ಗೋಡೆಗಳ ನಡುವೆ ಕೂರುವ ತುಂಡನ್ನ 56ಕ್ಕೇ ಕತ್ತರಿಸಬೇಕು. ಸ್ಟೀಲ್ ಸ್ಕೇಲ್ ಇಟ್ಟು, ಒತ್ತದೆ ಮೂರು ನಾಲ್ಕು ಸಲ ಕಟರ್ ಬ್ಲೇಡ್ ಎಳೆಯಿರಿ. ತುದಿ ಮೊಂಡಾದ ಕೂಡಲೇ ಮುರಿದು ಬಿಸಾಕಿ, ಅದರಲ್ಲಿ ಜಿಪುಣತನ ಬೇಡ. ಹಾಂ, ಮಾಡೆಲ್‌ನ ಸೈಟಿಗೆ (ಕಟ್ಟಡ ಕೂರುವ ನೆಲ) ಥರ್ಮಾಕೋಲ್ ಬಳಸಿದ್ದರೆ ಫೆವಿಕ್ವಿಕ್ ಮುಟ್ಟಿಸಬೇಡಿ, ಕರಗಿ ಗುಂಡಿ ಬೀಳುತ್ತೆ.