ಕಾಯಬೇಕೆಂದು ಟ್ಯಾರೋ ಕಾರ್ಡು ಹೇಳಿತೆ?

ಪ್ರಶ್ನೆ: ನನಗೆ 31 ವರ್ಷ. ನಾಲ್ಕು ವರ್ಷಗಳಿಂದ ಒಬ್ಬರನ್ನು ಪ್ರೀತಿಸುತ್ತಿದ್ದೇನೆ. ಮದುವೆಯ ಮಾತೆತ್ತಿದಾಗಲೆಲ್ಲ ‘ಇನ್ನಷ್ಟು ಸಮಯ ಕೊಡು’ ಎನ್ನುತ್ತಾರೆ. ಎರಡು ತಿಂಗಳ ಹಿಂದೆ, ಚಿತ್ರದ ಕಾರ್ಡುಗಳನ್ನು ತೆಗೆದು ಭವಿಷ್ಯ ಹೇಳುವ ಟ್ಯಾರೋ ನೋಡುವವರ ಬಳಿ ಹೋದಾಗ ‘ಹ್ಯಾಂಗ್ಡ್ ಮ್ಯಾನ್’ (ನೇತಾಡುವ ಮನುಷ್ಯ) ಕಾರ್ಡು ಬಂತು. ‘ತ್ಯಾಗ ಮಾಡಿ, ಕಾಯಿರಿ’ ಎಂದರು. ಅಂದಿನಿಂದ ಮೊಬೈಲ್ ಆ್ಯಪ್‌ನಲ್ಲಿ ದಿನವೂ ಮೂರು ಕಾರ್ಡು ತೆಗೆಯುತ್ತಿದ್ದೇನೆ. ಅದೇ ಕಾರ್ಡು ಮತ್ತೆ ಎರಡು ಸಲ ಬಂದಿದೆ. ಈಗ ದೂರದ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದ್ದು, ತಿಂಗಳ ಕೊನೆಯೊಳಗೆ ಒಪ್ಪಿಗೆ ತಿಳಿಸಬೇಕು. ಇದನ್ನು ಬಿಟ್ಟು ಕಾಯಲೇ?

ಉತ್ತರ: ಮೊದಲು ನಿಮ್ಮನ್ನು ಹೆದರಿಸಿರುವ ಆ ‘ಎರಡು ಸಲ’ದ ಲೆಕ್ಕ ನೋಡೋಣ. ಟ್ಯಾರೋ ಕಟ್ಟಿನಲ್ಲಿರುವುದು 78 ಕಾರ್ಡುಗಳು. ದಿನಕ್ಕೆ ಮೂರರಂತೆ ತೆಗೆದರೆ ಯಾವುದೇ ಒಂದು ಕಾರ್ಡು ಸರಾಸರಿ 26 ದಿನಗಳಿಗೊಮ್ಮೆ ಕಾಣಿಸಿಕೊಳ್ಳುತ್ತದೆ. ಎರಡು ತಿಂಗಳಲ್ಲಿ ಎರಡು ಸಲ ಬರುವುದು ಸಹಜವೇ ಹೊರತು ವಿಧಿಯ ಒತ್ತಾಯವಲ್ಲ. ಇಷ್ಟೇ ಬಾರಿ ಬಂದಿರಬಹುದಾದ ಬೇರೆ ಕಾರ್ಡುಗಳು ನಿಮ್ಮ ನೆನಪಿನಲ್ಲಿ ಉಳಿದಿಲ್ಲ, ಏಕೆಂದರೆ ಅವುಗಳ ಬಗ್ಗೆ ಯಾರೂ ನಿಮ್ಮ ಮನಸ್ಸಿನಲ್ಲಿ ಆತಂಕ ಬಿತ್ತಿರಲಿಲ್ಲ.

ಕಾರ್ಡು ಭವಿಷ್ಯ ನುಡಿಯುತ್ತದೆಂದು ನಾನು ಒಪ್ಪುವುದಿಲ್ಲ. ಆದರೆ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ನಮ್ಮ ಸ್ಥಿತಿಯನ್ನು ಯೋಚಿಸುವುದರಲ್ಲಿ ತಪ್ಪೇನೂ ಇಲ್ಲ. ಹಾಗೆ ಯೋಚಿಸುವುದಾದರೆ ಚಿತ್ರವನ್ನು ಪೂರ್ತಿಯಾಗಿ ನೋಡಬೇಕು. ಇಂದು ಹೆಚ್ಚು ಬಳಕೆಯಲ್ಲಿರುವುದು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಲೇಖಕ ಆರ್ಥರ್ ಎಡ್ವರ್ಡ್ ವೇಟ್ ಅವರ ಸೂಚನೆಯಂತೆ ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರಗಳ ಕಟ್ಟು. ಅದರಲ್ಲಿ 12ನೆಯ ಸಂಖ್ಯೆಯ ಈ ಮನುಷ್ಯ ಒಂದೇ ಕಾಲಿನಿಂದ ತಲೆಕೆಳಗಾಗಿ ನೇತಾಡುತ್ತಿದ್ದಾನೆ. ಇನ್ನೊಂದು ಕಾಲು ಸ್ವಸ್ಥವಾಗಿ ಮಡಿಚಿಕೊಂಡಿದೆ, ಕೈಗಳು ಬೆನ್ನ ಹಿಂದಿವೆ. ಮುಖದಲ್ಲಿ ನೋವಿನ ಗುರುತಿಲ್ಲ. ತಲೆಯ ಸುತ್ತ ಹಳದಿ ಪ್ರಭಾವಳಿಯಿದೆ. ಅವನನ್ನು ಹೊತ್ತಿರುವ ಮರದಲ್ಲಿ ಹಸಿರೆಲೆಗಳು ಚಿಗುರಿವೆ. ಆದ್ದರಿಂದಲೇ ಅನೇಕರು ಇದನ್ನು ತಾನಾಗಿ ಒಪ್ಪಿಕೊಂಡ ವಿರಾಮ, ಲೋಕವನ್ನು ಬೇರೊಂದು ಕೋನದಿಂದ ನೋಡುವ ಅವಕಾಶ ಎಂದು ಓದುತ್ತಾರೆ. ‘ತ್ಯಾಗ’ ಎಂಬುದು ಈ ಅರ್ಥಗಳಲ್ಲಿ ಒಂದು ಮಾತ್ರ, ಅದೂ ಫಲ ತಿಳಿದು ಮಾಡುವ ತ್ಯಾಗ.

ಈ ಅರ್ಥವಾದರೂ ಅನಾದಿಯಿಂದ ಬಂದದ್ದಲ್ಲ. 15ನೆಯ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಹುಟ್ಟಿದಾಗ ಟ್ಯಾರೋ ಬರಿಯ ಇಸ್ಪೀಟಿನಂಥ ಆಟ. ಈ ಕಾರ್ಡನ್ನು ಅಲ್ಲಿ ‘ದ್ರೋಹಿ’ ಎಂದೂ ಕರೆಯುತ್ತಿದ್ದರು, ಏಕೆಂದರೆ ದ್ರೋಹಿಗಳ ಚಿತ್ರವನ್ನು ಹೀಗೆ ತಲೆಕೆಳಗಾಗಿ ಬರೆದು ಅವಮಾನಿಸುವ ರೂಢಿಯಿತ್ತು. ಟ್ಯಾರೋ ನೋಡಿ ಭವಿಷ್ಯ ಹೇಳುವ ಪದ್ಧತಿ ಫ್ರಾನ್ಸಿನಲ್ಲಿ ಬೇರೂರಿದ್ದು 18ನೆಯ ಶತಮಾನದಲ್ಲಿ. ಆ ಕಾಲದ ಕೂರ್ ದ ಜೆಬೆಲಾನ್ ಎಂಬ ವಿದ್ವಾಂಸರು 1781ರಲ್ಲಿ, ಇದು ಒಂಟಿ ಕಾಲಿನ ಮೇಲೆ ನಿಂತ ‘ವಿವೇಕ’ದ ಚಿತ್ರ, ಕಾರ್ಡು ತಯಾರಕರು ತಿಳಿಯದೆ ತಿರುಗಿಸಿಬಿಟ್ಟಿದ್ದಾರೆ ಎಂದು ವಾದಿಸಿದ್ದರು! ದ್ರೋಹಿ, ವಿವೇಕ, ತ್ಯಾಗಿ ಎಂದು ಹೀಗೆ ವೇಷ ಬದಲಿಸುತ್ತಲೇ ಬಂದ ಚಿತ್ರದ ಮೇಲೆ ನಿಮ್ಮ ಉದ್ಯೋಗವನ್ನು ಪಣಕ್ಕಿಡುವುದು ನನಗೆ ಸರಿಯೆನಿಸದು.

ಇನ್ನು ನಿಮ್ಮ ಕಾಯುವಿಕೆಯನ್ನು ಆ ಮನುಷ್ಯನ ಕಾಯುವಿಕೆಯ ಪಕ್ಕದಲ್ಲಿಟ್ಟು ನೋಡಿ. ಅವನು ನಿಂತುಹೋಗಿರುವುದು ತನ್ನ ಇಚ್ಛೆಯಿಂದ. ನಿಮ್ಮನ್ನು ನಿಲ್ಲಿಸಿರುವುದು ಇನ್ನೊಬ್ಬರ ‘ಇನ್ನಷ್ಟು ಸಮಯ’, ಅದಕ್ಕೂ ಗಡುವಿಲ್ಲ, ಕಾರಣವಿಲ್ಲ. ನಿಜವಾಗಿ ಆ ಕಾರ್ಡಿನಂತೆ ನಡೆಯಬೇಕೆಂದಿದ್ದರೆ, ನಾಲ್ಕು ವರ್ಷಗಳಿಂದ ಕೇಳಿಕೊಂಡು ಬಂದ ‘ಅವರು ಯಾವಾಗ ಒಪ್ಪುತ್ತಾರೆ’ ಎಂಬ ಪ್ರಶ್ನೆಯನ್ನು ತಿರುಗಿಸಿ ‘ಒಪ್ಪದಿದ್ದರೆ ನನಗೆ ಯಾವ ಬದುಕು ಬೇಕು’ ಎಂದು ಕೇಳಿಕೊಳ್ಳಿ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರಿಗೂ ಹೇಳಿಕೊಳ್ಳಲಾಗದ ಭಯವೊಂದು ಇರಬಹುದು. ಆದರೆ ಅದನ್ನು ತಿಳಿಸಬೇಕಾದವರು ಅವರು, ಆ್ಯಪ್ ಅಲ್ಲ.

ತಿಂಗಳು ಮುಗಿಯುವ ಮೊದಲೇ ಅವರೊಡನೆ ಎದುರಾಎದುರು ಕುಳಿತು ಉದ್ಯೋಗದ ವಿಷಯ ಹೇಳಿ, ಮದುವೆಯ ಬಗ್ಗೆ ನಿಶ್ಚಿತ ಉತ್ತರ ಯಾವ ದಿನಾಂಕದೊಳಗೆ ಕೊಡಬಲ್ಲರೆಂದು ಕೇಳಿ. ಸಂಸ್ಥೆಯವರಲ್ಲಿ ಇನ್ನೊಂದು ವಾರದ ಕಾಲಾವಕಾಶ ಕೋರುವುದೂ ತಪ್ಪಲ್ಲ. ಅಷ್ಟಾದರೂ ಉತ್ತರ ಮತ್ತೆ ‘ನೋಡೋಣ’ ಎಂದಾದರೆ ಕೆಲಸಕ್ಕೆ ಒಪ್ಪಿಗೆ ಕಳಿಸಿ. ಸಂಬಂಧ ಉಳಿಯುವಂಥದ್ದಾದರೆ ದೂರದಿಂದಲೂ ಮಾತು ಮುಂದುವರಿಯುತ್ತದೆ. ಅಲ್ಲಿಯವರೆಗೆ ಇದೇ ಪ್ರಶ್ನೆಗೆ ಮತ್ತೆ ಮತ್ತೆ ಕಾರ್ಡು ತೆಗೆಯಬೇಡಿ. ಈ ಮಾತನ್ನು ಟ್ಯಾರೋ ನೋಡುವ ಹಲವರೂ ಹೇಳುತ್ತಾರೆ.