ಓದಿನ ನಡುವೆ ವೈದ್ಯಕೀಯ ಕಾಲೇಜು ಬದಲಿಸಬಹುದೇ?

ಪ್ರಶ್ನೆ: ನನ್ನ ಮಗಳು 2023ರಲ್ಲಿ ರಾಯಚೂರು ಕಡೆಯ ಸರ್ಕಾರಿ ವೈದ್ಯಕೀಯ ಕಾಲೇಜೊಂದಕ್ಕೆ ಸೇರಿ, ಎಂಬಿಬಿಎಸ್ ಮೊದಲ ವರ್ಷ ಪಾಸಾಗಿದ್ದಾಳೆ. ಎರಡು ತಿಂಗಳ ಹಿಂದೆ ನಮ್ಮ ಯಜಮಾನರಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮನೆಯಲ್ಲಿ ನಾನೊಬ್ಬಳೇ. ಊರಿನ ಹತ್ತಿರ ಬಂದು ಓದುತ್ತೇನೆ ಎಂದು ಮಗಳು ಹಟ ಹಿಡಿದಿದ್ದಾಳೆ. ಫಲಿತಾಂಶ ಬಂದ ಒಂದು ತಿಂಗಳೊಳಗೆ ಅರ್ಜಿ ಹಾಕಿದರೆ ಮಂಗಳೂರಿನ ಖಾಸಗಿ ಕಾಲೇಜಿಗೆ ವರ್ಗ ಮಾಡಿಸಿಕೊಡುತ್ತೇನೆಂದು ಏಜೆಂಟರೊಬ್ಬರು 50 ಸಾವಿರ ರೂಪಾಯಿ ಮುಂಗಡ ಕೇಳುತ್ತಿದ್ದಾರೆ. ಹಿಂದೆ ಹಾಗೆ ಬಂದವರದೆಂದು ಒಂದು ಮೈಗ್ರೇಷನ್ ಸರ್ಟಿಫಿಕೇಟಿನ ಪ್ರತಿಯನ್ನೂ ತೋರಿಸಿದರು. ಕೊಡಬಹುದೇ?
– ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ಮುಂಗಡ ಕೊಡಬೇಡಿ, ಅಮ್ಮ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಜೂನ್ ತಿಂಗಳಲ್ಲಿ ಹೊರಡಿಸಿದ ಪದವಿ ವೈದ್ಯಕೀಯ ಶಿಕ್ಷಣ ನಿಯಮಾವಳಿಯ 18ನೇ ನಿಯಮವು, ಒಂದು ಕಾಲೇಜಿನಲ್ಲಿ ಸೀಟು ಹಂಚಿಕೆಯಾದ ವಿದ್ಯಾರ್ಥಿಯು ಬೇರೊಂದು ಕಾಲೇಜಿಗೆ ವರ್ಗಾವಣೆ ಕೋರುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು. ನಿಮ್ಮ ಮಗಳು ಸೇರಿದ್ದು ಆ ವರ್ಷವೇ ಆದ್ದರಿಂದ ಅವಳಿಗೆ ಅನ್ವಯಿಸುವುದೂ ಅದೇ ನಿಯಮ. ಸರ್ಕಾರಿ ಕಾಲೇಜಿಗಾಗಲಿ ಖಾಸಗಿ ಕಾಲೇಜಿಗಾಗಲಿ, 2024ರಲ್ಲಿ ಆ ಬಾಗಿಲು ಮುಚ್ಚಿತ್ತು.

ಏಜೆಂಟರು ಹೇಳಿದ ‘ಒಂದು ತಿಂಗಳು’ ಎಂಬ ಮಾತು ಎಲ್ಲಿಂದ ಬಂತೆಂದು ನಿಮಗೆ ತಿಳಿದಿರಬೇಕು, ಏಕೆಂದರೆ ಅರ್ಧ ಸತ್ಯವಿರುವ ಮಾತಿಗೇ ಜನ ಹೆಚ್ಚು ಮೋಸ ಹೋಗುತ್ತಾರೆ. ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತಿನ 1997ರ ನಿಯಮಗಳಲ್ಲಿ ವರ್ಗಾವಣೆಗೆ ಅವಕಾಶವಿತ್ತು. ಅದು ವಿದ್ಯಾರ್ಥಿಯ ಹಕ್ಕಲ್ಲ ಎಂದು ಮೊದಲೇ ಹೇಳಿ, ಮೊದಲ ಹಂತದ ಪರೀಕ್ಷೆ ಪಾಸಾದ ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು, ಕಾಲೇಜೊಂದರ ಸೀಟುಗಳ ಶೇ. 5ಕ್ಕಿಂತ ಹೆಚ್ಚು ಮಂದಿಗೆ ಅವಕಾಶವಿಲ್ಲ ಎಂಬ ಕಟ್ಟುಪಾಡುಗಳನ್ನು ಹಾಕಿದ್ದರು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗನೊಬ್ಬ ಎರಡು ಕಾಲೇಜುಗಳ, ಎರಡು ವಿಶ್ವವಿದ್ಯಾಲಯಗಳ ಒಪ್ಪಿಗೆ ಪತ್ರಗಳನ್ನು ಒಂದು ಹಳದಿ ರಟ್ಟಿನ ಕಡತದಲ್ಲಿ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದದ್ದು ನನಗೆ ನೆನಪಿದೆ. ನಾಲ್ಕು ಪತ್ರಗಳೂ ಸರಿಯಿದ್ದವು. ಕೊನೆಯ ಪತ್ರದ ಮೇಲಿನ ಮೊಹರಿನ ತಾರೀಖು ಮಾತ್ರ ಗಡುವು ದಾಟಿತ್ತು, ಅವನ ಅರ್ಜಿ ತಿರಸ್ಕೃತವಾಯಿತು. ಅವಕಾಶವಿದ್ದ ದಿನಗಳಲ್ಲೇ ಅಷ್ಟು ಬಿಗಿಯಿತ್ತು.

ಇನ್ನು ನಿಮಗೆ ತೋರಿಸಿದ ಮೈಗ್ರೇಷನ್ ಸರ್ಟಿಫಿಕೇಟ್. ಬೋರ್ಡಾಗಲಿ ವಿಶ್ವವಿದ್ಯಾಲಯವಾಗಲಿ, ತನ್ನಲ್ಲಿ ಓದಿದವರು ಬೇರೆಡೆ ಸೇರಲು ತನ್ನ ಅಭ್ಯಂತರವಿಲ್ಲ ಎಂದು ಕೊಡುವ ಕಾಗದ ಅದು. ಬೇರೆ ರಾಜ್ಯದಲ್ಲಿ ಹನ್ನೆರಡನೇ ತರಗತಿ ಮುಗಿಸಿ ಇಲ್ಲಿಗೆ ಬರುವ ಮಕ್ಕಳ ಕೈಯಲ್ಲೂ ಅದು ಇರುತ್ತದೆ. ಬಿಟ್ಟುಕೊಡಲು ಒಬ್ಬರು ಒಪ್ಪಿದ್ದಾರೆ ಎಂಬುದಕ್ಕೆ ಅದು ಸಾಕ್ಷಿಯೇ ಹೊರತು, ಸೇರಿಸಿಕೊಳ್ಳಲು ಆಯೋಗ ಅನುಮತಿ ಕೊಟ್ಟಿದೆ ಎಂಬುದಕ್ಕಲ್ಲ. ಕಾಲೇಜು ವರ್ಗಾವಣೆಯನ್ನೂ ಇಂಗ್ಲಿಷಿನಲ್ಲಿ ‘ಮೈಗ್ರೇಷನ್’ ಎಂದೇ ಕರೆಯುವುದರಿಂದ ಈ ಗೊಂದಲ. ಅನುಮತಿಯಿಲ್ಲದೆ ತರಗತಿಯಲ್ಲಿ ಕುಳಿತವರ ಹೆಸರು ಆ ಕಾಲೇಜಿನ ಪ್ರವೇಶ ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿಲ್ಲದವರನ್ನು ವಿಶ್ವವಿದ್ಯಾಲಯ ಪರೀಕ್ಷೆಗೆ ಕೂರಿಸುವುದಿಲ್ಲ. ಹಣದ ಜೊತೆಗೆ, ನಿಮ್ಮ ಮಗಳು ನೀಟ್‌ನಲ್ಲಿ ರ‍್ಯಾಂಕ್ ಗಳಿಸಿ ಪಡೆದ ಸರ್ಕಾರಿ ಸೀಟೂ ಕೈತಪ್ಪಬಹುದು. ನನ್ನ ದೊಡ್ಡ ಆತಂಕ ಅದೇ.

ಮತ್ತೊಮ್ಮೆ ನೀಟ್ ಬರೆದು ಇಲ್ಲಿಯೇ ಸೀಟು ಪಡೆಯುವುದು ಕಾನೂನಿನ ದಾರಿ. ಆದರೆ ಆಗ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳನ್ನು ಮೊದಲಿನಿಂದ ಓದಬೇಕು. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿಲ್ಲದ ಕಾರಣ ಖಾಸಗಿ ಅಥವಾ ಡೀಮ್ಡ್ ವಿಶ್ವವಿದ್ಯಾಲಯದ ಶುಲ್ಕಕ್ಕೂ ಸಿದ್ಧರಾಗಬೇಕು. ಮನೆಯ ದುಡಿಯುವ ಕೈ ನಿಂತಿರುವಾಗ ಇದು ಬೇಡವೆಂದೇ ನನ್ನ ಅಭಿಪ್ರಾಯ.

ಮಗಳು ಅಲ್ಲಿಯೇ ಓದಲಿ, ಮನೆಗೆ ಬಂದುಹೋಗುವುದನ್ನು ಕ್ರಮಬದ್ಧಗೊಳಿಸಿಕೊಳ್ಳಲಿ. ಥಿಯರಿಯಲ್ಲಿ ಶೇ. 75, ಪ್ರಾಯೋಗಿಕ ಮತ್ತು ಕ್ಲಿನಿಕಲ್ ತರಗತಿಗಳಲ್ಲಿ ಶೇ. 80 ಹಾಜರಾತಿ ಕಡ್ಡಾಯ. ಈವರೆಗಿನ ಹಾಜರಾತಿಯನ್ನು ಕಚೇರಿಯಲ್ಲಿ ಕೇಳಿ ಬರೆದುಕೊಂಡರೆ ಎಷ್ಟು ದಿನ ರಜೆ ಹಾಕಬಹುದೆಂಬುದು ಅವಳಿಗೇ ತಿಳಿಯುತ್ತದೆ. ತಂದೆಯ ಡಿಸ್ಚಾರ್ಜ್ ಸಮ್ಮರಿಯ ಪ್ರತಿಯೊಂದಿಗೆ ಪ್ರಾಂಶುಪಾಲರಿಗೆ ಲಿಖಿತವಾಗಿ ಪರಿಸ್ಥಿತಿ ತಿಳಿಸಿ, ಸ್ವೀಕೃತಿಯ ಸಹಿ ಪಡೆಯಲಿ. ಹೇಳದೆ ರಜೆ ಹಾಕಿದ ವಿದ್ಯಾರ್ಥಿಗೆ ಸಹಾಯ ಮಾಡಲು ಮನಸ್ಸಿದ್ದರೂ ಶಿಕ್ಷಕರ ಕೈಕಟ್ಟಿರುತ್ತದೆ. ನಾನು ಆ ಕುರ್ಚಿಯಲ್ಲಿ ಕುಳಿತವನು.

ಯಜಮಾನರ ವಿಷಯದಲ್ಲಿ ಒಂದು ಮಾತು. ಪಾರ್ಶ್ವವಾಯುವಿನ ನಂತರ ಕೈಕಾಲಿನ ಚಲನೆ ಹೆಚ್ಚಾಗಿ ಮರಳುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ, ಅದರಲ್ಲಿ ಎರಡು ತಿಂಗಳು ಈಗಾಗಲೇ ಕಳೆದಿದೆ. ನಿತ್ಯದ ಫಿಸಿಯೋಥೆರಪಿ ತಪ್ಪದಂತೆ ನೋಡಿಕೊಳ್ಳಿ. ಉಡುಪಿಯ ಅಜ್ಜರಕಾಡಿನಲ್ಲಿರುವ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಕರೆದೊಯ್ಯುವುದು ಕಷ್ಟವಾದರೆ ಮನೆಗೆ ಬರುವವರನ್ನು ಗೊತ್ತು ಮಾಡಿ. ಏಜೆಂಟರಿಗೆಂದು ಹೊಂದಿಸಿಟ್ಟ ಹಣವನ್ನು ಇದಕ್ಕೆ ಬಳಸಿ.